ಸಾವಕಾರರ ಅಪರಾಹ್ನದ ಚಹ

ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರು ಸೀಮೆಗೆ ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗಳ ಬೆನ್ನಿಗೆ ಅಕ್ಕಿಯ ಗಿರಣಿಗಳು ಎದ್ದವು. ಗಿರಣಿಗಳ ಬೆನ್ನಿಗೆ ಹೊಸ ಸಾವಕಾರರು ಎದ್ದರು. ಇದರಲ್ಲಿ ಅಸೂಯೆಪಡತಕ್ಕದ್ದೇನೂ ಇಲ್ಲ. ಬೆವರಿನಿಂದ ಬಂದ ಸಂಪತ್ತು ಬೆವರು ಸುರಿಸಿದವರಿಗೆಲ್ಲ ಮುಟ್ಟಿತೋ ಇಲ್ಲವೋ ಎಂಬದು ಬೇರೆ ಮಾತು. ಸಂಪತ್ತು ಬಂದಲ್ಲಿ ಸಂಚಾರವು ಬರುವದು. ಸಂಚಾರ ಬಂದಲ್ಲಿ ಹೊಸ ರುಚಿಗಳು ಬರುವವು. ಮೊದಲು ಇಂಥ ಮನೆಗಳಲ್ಲಿ ಶ್ರೀಶೈಲಕ್ಕೆ ಹೋಗಿ ಬಂದ ಸುದ್ದಿಯನ್ನು ನಾಲ್ಕು ದಿನ ಹೇಳುತ್ತಿದ್ದರು. ಈಗ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಆಂಗ್ಲ ಪದ್ಧತಿಯ ಅಪರಾಹ್ನದ ಚಹವನ್ನು ಸೇವಿಸಿ ಬಂದ ಸುದ್ದಿಯನ್ನು ಎಂಟು ದಿನ ಹೇಳುತ್ತಾರೆ.

ಆ ಸುದ್ದಿಯು ಕೇಳಲು ಸೊಗಸಾಗಿಯೇ ಇರುವದು. ಹಳೆಯ ಮರಗಳ ನೆರಳಿನ ತೋಟ, ಬೆತ್ತದ ಕುರ್ಚಿಗಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಮೇಜುಬಟ್ಟೆ. ಒಂದರ ಮೇಲೊಂದು ಮೂರು ತಟ್ಟೆಗಳಿರುವ ನಿಲುವು ಮೇಜಿಗೆ ಬರುವದು. ಕೆಳಗಿನ ತಟ್ಟೆಯಲ್ಲಿ ಅಂಚು ಕೊಯ್ದ ಸವತಿಕಾಯಿಯ ಸ್ಯಾಂಡ್‌ವಿಚ್ಚುಗಳು. ನಡುವಿನದರಲ್ಲಿ ಸ್ಕೋನ್ ಎಂಬ ಮೆತ್ತನೆಯ ಬಿಲ್ಲೆಗಳು, ಅವಕ್ಕೆ ಹಚ್ಚಿಕೊಳ್ಳಲು ಗಟ್ಟಿ ಕೆನೆ ಮತ್ತು ಹಣ್ಣಿನ ಜಾಮು. ಮೇಲಿನದರಲ್ಲಿ ಒಂದೇ ತುತ್ತಿನ ಸಿಹಿತಿನಿಸುಗಳು. ಕೆಳಗಿನಿಂದ ಮೇಲಕ್ಕೆ ತಿನ್ನುತ್ತ ಹೋಗಬೇಕಂತೆ. ಚಹದ ಎಲೆಯನ್ನು ಕುದಿಸುವದಿಲ್ಲ. ಪಿಂಗಾಣಿಯ ಕಿಟ್ಲಿಯಲ್ಲಿ ಬಿಸಿನೀರೆರೆದು ಕೆಲವು ನಿಮಿಷ ಮುಚ್ಚಿಡುವರು, ಬೆಳ್ಳಿಯ ಜಾಲರಿಯಲ್ಲಿ ಸೋಸಿ ಕಪ್ಪಿಗೆ ಸುರಿಯುವರು. ಹಾಲು ಬೇರೆ, ಸಕ್ಕರೆ ಬೇರೆ. ಚಮಚವು ಕಪ್ಪಿಗೆ ತಾಗಿ ಸದ್ದಾಗಬಾರದು. ಹೀಗೆ ಎರಡು ತಾಸು ಕುಳಿತು, ಸಾವಿರಾರು ರೂಪಾಯಿ ತೆತ್ತು ಎದ್ದು ಬರುವದು. ಒಗ್ಗರಣೆ ಕಾಣದ ಆ ಸವತಿಕಾಯಿಗಾಗಿ ಸಾವಕಾರರು ಒಳಗೊಳಗೇ ಮರುಗಿರಲೂಬಹುದು. ಆದರೆ ಅದನ್ನು ಅವರು ಯಾರ ಮುಂದೆಯೂ ಹೇಳುವದಿಲ್ಲ.

ಅವರು ಹೇಳುವದು ಬೇರೆ. ಚಹ ಕುಡಿಯುವ ರೀತಿಯನ್ನು ಇಂಗ್ಲಿಷರಿಂದ ಕಲಿಯಬೇಕು. ಈ ಕಡೆಯ ಜನಕ್ಕೆ ಸಂಸ್ಕಾರವಿಲ್ಲ. ಬಸ್ಸಿನ ನಿಲ್ದಾಣದ ಮುಂದೆ ನಿಂತು, ಬಸಿಗೆ ಸುರಿದುಕೊಂಡು, ಸೊರ್ರನೆ ಹೀರಿ, ಮೀಸೆ ಒರೆಸಿಕೊಂಡು ಹೋಗುತ್ತದೆ. ಇದು ಅವರ ಸಿದ್ಧಾಂತವು. ಇದಕ್ಕೆ ಪ್ರತಿಯಾಗಿ ಅದೇ ಊರಿನಲ್ಲಿ ಇನ್ನೊಂದು ಸಿದ್ಧಾಂತವೂ ಹುಟ್ಟಿದೆ. ಅದು ದೇಶಾಭಿಮಾನಿಗಳದು. ಬಿಳಿಯರು ಹೋದರೂ ಅವರ ಎಂಜಲಿನ ಆಸೆ ಹೋಗಲಿಲ್ಲವೆಂದೂ, ಮಿರ್ಚಿ ಭಜಿ, ಒಗ್ಗರಣೆಯ ಮಂಡಕ್ಕಿಗಳ ಮುಂದೆ ಆ ಸಪ್ಪೆ ರೊಟ್ಟಿಯ ಚೂರುಗಳು ಯಾವ ಲೆಕ್ಕವೆಂದೂ, ಬೀದಿಯ ಚಹದಂಗಡಿಯಲ್ಲಿ ಧಣಿಯೂ ಕೂಲಿಯೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಕಿಟ್ಲಿಯ ಚಹವನ್ನು ಕುಡಿಯುವರಾದ್ದರಿಂದ ಅದೇ ನಿಜವಾದ ಸಮತೆಯ ಸಂಸ್ಕೃತಿಯೆಂದೂ ಅವರು ಭಾಷಣ ಮಾಡುತ್ತಾರೆ.

ಮೊದಲನೆಯ ಸಿದ್ಧಾಂತವು ಅರ್ಧ ಸುಳ್ಳು. ಎರಡನೆಯದು ನಾಚಿಕೆಗೇಡಿನ ಸುಳ್ಳು. ಮಂಡಕ್ಕಿಯ ವಿಷಯದಲ್ಲಿ ಮಾತ್ರ ದೇಶಾಭಿಮಾನಿಗಳೊಡನೆ ತಕರಾರಿಲ್ಲ.

ಸಾವಕಾರರಿಗೆ ತಾವು ಕೊಂಡಾಡುವ ಪದ್ಧತಿಯ ಚರಿತ್ರೆಯೇ ಗೊತ್ತಿಲ್ಲ. ಅಪರಾಹ್ನದ ಚಹವು ಇಂಗ್ಲಂಡದಲ್ಲಿ ಪುರಾತನ ಆಚಾರವೇನೂ ಅಲ್ಲ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಮರಿಯಾ ಎಂಬ ದೊಡ್ಡ ಮನೆತನದ ಹೆಣ್ಣುಮಗಳು, ಮಧ್ಯಾಹ್ನದ ಊಟಕ್ಕೂ ತಡರಾತ್ರಿಯ ಊಟಕ್ಕೂ ನಡುವೆ ಹಸಿವು ತಾಳಲಾರದೆ, ತನ್ನ ಕೋಣೆಗೆ ಚಹ ಮತ್ತು ಬೆಣ್ಣೆರೊಟ್ಟಿಗಳನ್ನು ತರಿಸಿಕೊಳ್ಳಹತ್ತಿದಳೆಂದೂ, ಗೆಳತಿಯರನ್ನು ಕೂಡಿಸಿಕೊಂಡು ಅದನ್ನು ರೂಢಿ ಮಾಡಿದಳೆಂದೂ ಹೇಳುತ್ತಾರೆ. ದೊಡ್ಡ ಹೋಟೆಲುಗಳಿಗೆ ಅದು ಬಂದದ್ದು ಆ ಮೇಲೆ. ಲಂಡನ್ನಿನ ಲ್ಯಾಂಗಮ್ ಹೋಟೆಲು ತೆರೆದದ್ದು 1865ರಲ್ಲಿ; ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲು ಒಬ್ಬ ಆಂಗ್ಲ ಹೆಂಗಸಿನ ವಸತಿಗೃಹವಾಗಿ ಮೊದಲಾದದ್ದು 1887ರಲ್ಲಿ. ಇಷ್ಟೇ ಇದರ ಪ್ರಾಚೀನತೆ. ಇನ್ನು ಇಲ್ಲಿಯ ಹೋಟೆಲುಗಳಲ್ಲಿ ಇದಕ್ಕೆ ‘ಹೈ ಟೀ’ ಎಂಬ ಹೆಸರನ್ನಿಟ್ಟು ಹೆಚ್ಚಿನ ಬೆಲೆ ಕೇಳುವದುಂಟು. ಆ ಹೆಸರು ಇಂಗ್ಲಂಡದಲ್ಲಿ ಸರದಾರರ ತಿಂಡಿಗೆ ಸಲ್ಲುತ್ತಿದ್ದುದಲ್ಲ. ಗಿರಣಿಯಿಂದಲೂ ಗಣಿಯಿಂದಲೂ ಸಂಜೆಗೆ ದಣಿದು ಬಂದ ಕೂಲಿಗಾರನು ಊಟದ ಮೇಜಿಗೆ ಕುಳಿತು, ಮಾಂಸ ರೊಟ್ಟಿಗಳೊಡನೆ ಕುಡಿಯುತ್ತಿದ್ದ ಕಡುಚಹವೇ ಹೈ ಟೀ! ಆ ಲೆಕ್ಕಕ್ಕೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವನು ಬುತ್ತಿಯ ರೊಟ್ಟಿಯೊಡನೆ ಕುಡಿಯುವ ಚಹಕ್ಕೆ ಆ ಹೆಸರು ಹೆಚ್ಚು ಸಲ್ಲತಕ್ಕದ್ದು. ಸಾವಕಾರರು ಕೂಲಿಗಾರನ ಊಟದ ಹೆಸರಿಗೆ ಸರದಾರನ ಬೆಲೆಯನ್ನು ತೆತ್ತು ಬರುತ್ತಾರೆ.

ಬಸಿಯಲ್ಲಿ ಕುಡಿಯುವದೂ ಈ ಸೀಮೆಯವರ ಅನಾಗರಿಕತೆಯಲ್ಲ. ಚೀನದಿಂದ ಯುರೋಪಕ್ಕೆ ಮೊದಲು ಹೋದ ಚಹದ ಬಟ್ಟಲುಗಳಿಗೆ ಹಿಡಿಕೆಯೇ ಇರಲಿಲ್ಲ. ಬಿಸಿಯನ್ನು ತಾಳದೆ ಬಸಿಗೆ ಸುರಿದುಕೊಂಡು ಕುಡಿಯುವ ರೂಢಿಯು 18ನೆಯ ಶತಮಾನದ ಇಂಗ್ಲಂಡದಲ್ಲಿ ಧಾರಾಳವಾಗಿ ಇತ್ತು. ಲಂಡನ್ನಿನಲ್ಲಿ ಆಗಿ ಹೋದದ್ದನ್ನು ಸಿಂಧನೂರಿನ ಹಮಾಲನು ಈಗ ಮಾಡಿದರೆ ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಲಿಂಗಸುಗೂರಿನ ನೆಲಕ್ಕಂತೂ ಆಂಗ್ಲರ ಚಹವು ಹೊಸದೇ ಅಲ್ಲ. 1853ರ ಕರಾರಿನಂತೆ ನಿಜಾಮರು ರಾಯಚೂರು ದೋಆಬವನ್ನು ಕುಂಪಣಿಯವರ ವಶಕ್ಕೆ ಕೊಟ್ಟರು. 1860ರಲ್ಲಿ ಅದು ನಿಜಾಮರಿಗೆ ಮರಳಿತು. ಆದರೆ ಹೈದರಾಬಾದ್ ಕಂಟಿಂಜೆಂಟ್ ಎಂಬ, ನಿಜಾಮರ ಹಣದಿಂದ ನಡೆದು ಆಂಗ್ಲ ಅಧಿಕಾರಿಗಳ ಅಪ್ಪಣೆಯಲ್ಲಿದ್ದ ದಂಡಿನ ಛಾವಣಿಯು ಲಿಂಗಸುಗೂರಿನಲ್ಲಿ ಬಹುಕಾಲ ಇದ್ದಿತು. 1905ರ ವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಹೆಸರೂ ಆಗಿತ್ತು. ಸಮೀಪದ ಹಟ್ಟಿಯಲ್ಲಿ 20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಜಾನ್ ಟೇಲರ್ ಕಂಪನಿಯವರು ಚಿನ್ನ ತೆಗೆಸಿದರು. ಇಂಥ ಛಾವಣಿಗಳಲ್ಲಿಯೂ ಗಣಿಯ ಬಂಗಲೆಗಳಲ್ಲಿಯೂ ಸಂಜೆಯ ಚಹದ ಸುತ್ತ ಕುಳಿತವರಾರು, ನಿಂತವರಾರು ಎಂಬದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಹವನ್ನು ಕಾಸಿದವನು, ಹೊತ್ತು ತಂದವನು, ಪಂಖದ ಹಗ್ಗವನ್ನು ಎಳೆದವನು ಈ ದೇಶದವನು. ಕುಳಿತವನು ಆ ದೇಶದವನು. ಚಿತ್ತಗಾಂಗಿನ ಪಹಾಡತಲಿಯಲ್ಲಿದ್ದ ಯುರೋಪಿಯನ್ ಕ್ಲಬ್ಬಿಗೆ ಹಿಂದಿಗಳಿಗೆ ಪ್ರವೇಶವಿರಲಿಲ್ಲ. 1932ರಲ್ಲಿ ಪ್ರೀತಿಲತಾ ವದ್ದೇದಾರ್ ಎಂಬ ಇಪ್ಪತ್ತೊಂದು ವಯಸ್ಸಿನ ತರುಣಿಯು ಅದರ ಮೇಲೆ ದಾಳಿಯಿಟ್ಟು ಪ್ರಾಣವನ್ನೇ ಕೊಟ್ಟಳು. ಆಂಗ್ಲರ ಚಹದ ಮೇಜಿನ ಮೇಲೆ ಸೌಜನ್ಯವಿದ್ದಿತು. ಅದು ಮೇಜಿನ ಅಂಚಿಗೆ ಮುಗಿಯುತ್ತಿತ್ತು.

ಇದಕ್ಕೆ ಒಂದು ಸಂಗತಿಯನ್ನು ಕೂಡಿಸಿಕೊಳ್ಳಬೇಕು. ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಆಂಗ್ಲರ ಮನೆಗಳಲ್ಲಿ ಅಡಿಗೆ ಮಾಡುತ್ತಿದ್ದವರಲ್ಲಿ, ವಿಶೇಷವಾಗಿ ಮದ್ರಾಸಿನ ಕಡೆಗೆ, ಅಸ್ಪೃಶ್ಯರೆನ್ನಿಸಿಕೊಂಡವರು ಹಲವರಿದ್ದರು. ಗೋಮಾಂಸ ಬೇಯುವ ಒಲೆಯ ಬಳಿಗೆ ಸವರ್ಣೀಯರು ಹೋಗುತ್ತಿರಲಿಲ್ಲವಾದ್ದರಿಂದ ಆ ಕೆಲಸವು ಇವರ ಪಾಲಿಗೆ ಬಂದಿತು. ಸಾವಕಾರರು ಇಂದು ಸಾವಿರಾರು ಕೊಟ್ಟು ಕೊಳ್ಳುವ ಈ ಚಹದ ಪದ್ಧತಿಯನ್ನು ದಕ್ಷಿಣ ದೇಶದಲ್ಲಿ ಎಷ್ಟೋ ಮನೆಗಳಲ್ಲಿ ನಡೆಸಿಕೊಟ್ಟ ಕೈಗಳು, ಊರ ಹೊರಗಿನ ಕೇರಿಯ ಕೈಗಳು.

ಹಾಗಾದರೆ ಆಂಗ್ಲರ ಚಹದಿಂದ ಕಲಿಯತಕ್ಕದ್ದು ಏನೂ ಇಲ್ಲವೇ? ಇದೆ. ಅದನ್ನು ಯಾವ ಹೋಟೆಲಿನಲ್ಲಿಯೂ ಬಡಿಸುವದಿಲ್ಲ.

18ನೆಯ ಶತಮಾನದಲ್ಲಿ ಇಂಗ್ಲಂಡದ ಚಹಕ್ಕೆ ಬೀಳುತ್ತಿದ್ದ ಸಕ್ಕರೆಯು ವೆಸ್ಟ್ ಇಂಡೀಸ್ ದ್ವೀಪಗಳಿಂದ ಬರುತ್ತಿತ್ತು. ಆಫ್ರಿಕೆಯಿಂದ ಹಿಡಿದು ತಂದ ಗುಲಾಮರು ಅಲ್ಲಿಯ ಕಬ್ಬಿನ ತೋಟಗಳಲ್ಲಿ ಚಾವಟಿಯ ಕೆಳಗೆ ದುಡಿದು ಅದನ್ನು ಮಾಡುತ್ತಿದ್ದರು. 1791ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯು ಪಾರ್ಲಿಮೆಂಟಿನಲ್ಲಿ ಸೋತಿತು. ಆಗ ವಿಲಿಯಂ ಫಾಕ್ಸ್ ಎಂಬವನು ಒಂದು ಸಣ್ಣ ಹೊತ್ತಗೆಯನ್ನು ಬರೆದು, ಆ ಸಕ್ಕರೆಯನ್ನು ಕೊಳ್ಳುವವನೂ ಆ ಪಾಪದಲ್ಲಿ ಪಾಲುಗಾರನೆಂದು ಸಾರಿದನು. ಸಾವಿರಗಟ್ಟಲೆ ಮನೆಗಳಲ್ಲಿ ಸಕ್ಕರೆಯನ್ನು ಬಿಟ್ಟರು. ಇದನ್ನು ನಡೆಸಿದವರಲ್ಲಿ ಮತದಾನದ ಹಕ್ಕಿಲ್ಲದ ಹೆಂಗಸರೇ ಮುಂದಾಳುಗಳು. ಪಾರ್ಲಿಮೆಂಟು ಅವರ ಕೈಯಲ್ಲಿ ಇರಲಿಲ್ಲ, ಸಕ್ಕರೆಯ ಬಟ್ಟಲು ಇತ್ತು. ಮುಂದೆ 1820ರ ದಶಕದಲ್ಲಿ, ಗುಲಾಮರು ಮಾಡಿದ ಸಕ್ಕರೆ ಇದಲ್ಲ ಎಂದು ಬರೆಯಿಸಿದ ಬಟ್ಟಲುಗಳೇ ಚಹದ ಮೇಜಿನ ಮೇಲೆ ಬಂದವು. 1807ರಲ್ಲಿ ಗುಲಾಮರ ವ್ಯಾಪಾರವೂ, 1833ರ ಕಾಯದೆಯಿಂದ ಬ್ರಿಟಿಷ್ ವಸಾಹತುಗಳ ಬಹುಭಾಗದಲ್ಲಿ ಗುಲಾಮಗಿರಿಯೂ ರದ್ದಾದವು. ಸಕ್ಕರೆ ಬಿಟ್ಟದ್ದರಿಂದಲೇ ಅದಾಯಿತೆಂದರೆ ಅತಿಶಯವಾದೀತು. ದ್ವೀಪಗಳಲ್ಲಿ ಗುಲಾಮರೇ ಎಬ್ಬಿಸಿದ ದಂಗೆಗಳ ಪಾಲು ಸಣ್ಣದಲ್ಲ. ಆದರೂ, ತನ್ನ ಕಪ್ಪಿನಲ್ಲಿ ಇನ್ನೊಬ್ಬನ ಅಪಮಾನವು ಕರಗಿದೆಯೆಂದು ತಿಳಿದ ಕೂಡಲೆ ಕಪ್ಪನ್ನು ಕೆಳಗಿಡುವದು ಆ ಚಹದ ಮೇಜಿನ ಮೇಲಿನ ನಿಜವಾದ ಸಂಸ್ಕಾರವು. ಸಾವಕಾರರು ಸ್ಕೋನಿಗೆ ಕೆನೆ ಮೊದಲೋ ಜಾಮು ಮೊದಲೋ ಎಂಬದನ್ನು ಕಲಿತು ಬಂದರು, ಇದನ್ನು ಬಿಟ್ಟು ಬಂದರು.

ಈಗ ದೇಶಾಭಿಮಾನಿಗಳ ಬೆಂಚಿನ ಕಡೆಗೆ ಬರಬೇಕು. ಧಣಿಯೂ ಕೂಲಿಯೂ ಒಂದೇ ಬೆಂಚಿನ ಮೇಲೆ ಕುಳಿತಿರುವರೆಂಬ ಮಾತು ಪೇಟೆಯ ಮಟ್ಟಿಗೆ ಬಹುಪಾಲು ನಿಜವಿರಬಹುದು. ಸಿಂಧನೂರಿನ ಗಂಜಿನಲ್ಲಿ, ಲಿಂಗಸುಗೂರಿನ ಬಸ್ಸಿನ ನಿಲ್ದಾಣದಲ್ಲಿ ಕಿಟ್ಲಿಯವನಿಗೆ ಜಾತಿ ಕೇಳಲು ಪುರಸತ್ತಿಲ್ಲ. ಆದರೆ ಪೇಟೆಯನ್ನು ಬಿಟ್ಟು ಹಳ್ಳಿಯ ದಾರಿ ಹಿಡಿದರೆ ಬೇರೊಂದು ಬೆಂಚು ಕಾಣುವದು. ರಾಯಚೂರು, ಕೊಪ್ಪಳಗಳ ಕಡೆಯ ಎಷ್ಟೋ ಹಳ್ಳಿಗಳ ಹೋಟೆಲುಗಳಲ್ಲಿ ಎರಡು ಬಗೆಯ ಲೋಟಗಳಿದ್ದವು. ಕೆಲವು ಕಡೆಗೆ ಇಂದಿಗೂ ಬೇರೆ ಬೇರೆ ವೇಷದಲ್ಲಿ ಇವೆ. ಊರವರ ಲೋಟಗಳು ಒಳಗೆ, ಹಲಗೆಯ ಮೇಲೆ. ಕೇರಿಯವರ ಲೋಟಗಳು ಹೊರಗೆ, ತಟ್ಟಿಯ ಸಂದಿಯಲ್ಲಿ. ಕೇರಿಯವನು ಬಂದು ತನ್ನ ಲೋಟವನ್ನು ತಾನೇ ತೆಗೆದುಕೊಳ್ಳಬೇಕು. ಮಾಲಕನು ಮೇಲಿನಿಂದ ಚಹವನ್ನು ಹೊಯ್ಯುವನು. ಕಿಟ್ಲಿಯ ಮೂತಿ ಲೋಟಕ್ಕೆ ತಾಗದಂತೆ ಹೊಯ್ಯುವ ಆ ಕೌಶಲವು ಯಾವ ದೊಡ್ಡ ಹೋಟೆಲಿನ ಬಟ್ಲರನಿಗೂ ಬರಲಾರದು. ಕುಡಿಯುವವನು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕುಡಿದು, ಲೋಟವನ್ನು ತಾನೇ ತೊಳೆದು, ಮತ್ತೆ ಸಂದಿಯಲ್ಲಿ ಇಡಬೇಕು. ಹಣವು ಮಾತ್ರ ಅದೇ ಹಣ. ಅದನ್ನು ಯಾವ ಸಂದಿಯಲ್ಲಿಯೂ ಇಡುವದಿಲ್ಲ.

ಒಳಗೆ ಬೆಂಚಿನ ಮೇಲೆ ಕುಳಿತ ಕೂಲಿಯನ್ನು ತೋರಿಸಿ, ಅಂಗಳದಲ್ಲಿ ಕುಳಿತ ಕೂಲಿಯನ್ನು ಮರೆಸುವ ಸಮತೆಯ ಭಾಷಣಕ್ಕಿಂತ ಸಾವಕಾರರ ಸ್ಕೋನಿನ ವರ್ಣನೆಯೇ ಲೇಸು. ಅದರಲ್ಲಿ ಮೋಸವಾದರೂ ಇಲ್ಲ.

ಇದನ್ನು ಎತ್ತಿದ ಕೂಡಲೆ ಊರ ಹಿರಿಯರಿಂದ ಬರುವ ಮೊದಲ ಉತ್ತರವು, ‘ಇದು ಹಿಂದಿನಿಂದ ನಡೆದು ಬಂದದ್ದು’ ಎಂಬದು. ಯಾವ ಹಿಂದಿನಿಂದ? ಇದನ್ನು ಸ್ವಲ್ಪ ವಿಚಾರಿಸಬೇಕು. ಚಹವು ಈ ದೇಶದ ಹಳ್ಳಿಗೆ ಬಂದದ್ದೇ ಇತ್ತೀಚೆಗೆ. ಆಸಾಮಿನ ಚಹವು ಮೊಟ್ಟಮೊದಲು ಲಂಡನ್ನಿನ ಹರಾಜಿಗೆ ಹೋದದ್ದು 1839ರಲ್ಲಿ. ಆ ಮೇಲೆಯೂ ಬಹುಕಾಲ ಅದು ಪರದೇಶಕ್ಕೆ ಹೋಗುವ ಸರಕಾಗಿತ್ತು. ಮುಂಬಯಿಯ ಕಡೆಯ ರೈಲು ರಾಯಚೂರನ್ನು ಮುಟ್ಟಿದ್ದು 1871ರಲ್ಲಿ. ಕರ್ಜನ್ ಸಾಹೇಬನ ಕಾಲದಲ್ಲಿ, 1903ರಲ್ಲಿ, ಚಹದ ಮೇಲೆ ಒಂದು ಪಟ್ಟಿಯನ್ನು ಹೇರುವ ಕಾಯದೆಯಾಗಿ, ಆ ಹಣದಿಂದ ಈ ದೇಶದವರಿಗೆ ಚಹದ ಚಟವನ್ನು ಹಚ್ಚುವ ಪ್ರಚಾರವು ನಡೆಯಿತು. ರೈಲು ನಿಲ್ದಾಣಗಳಲ್ಲಿ ಬಣ್ಣದ ಹಲಗೆಗಳನ್ನು ನೆಟ್ಟರು, ಪುಕ್ಕಟೆಯಾಗಿ ಹಂಚಿದರು. ಹಳೆಯ ಮೈಸೂರಿನವರು ಕಾಫಿಗೆ ಒಲಿದರು. ಹೈದರಾಬಾದಿನ ಇರಾನಿ ಹೋಟೆಲುಗಳ ಗಾಳಿ ಬೀಸುತ್ತಿದ್ದ ಈ ಸೀಮೆಯು ಚಹಕ್ಕೆ ಒಲಿಯಿತು. ಗಾಂಧಿಯವರೂ ಬಂಗಾಲದ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯರೂ ಚಹವು ಬೇಡವೆಂದು ಹೇಳಿದರು, ಯಾರೂ ಕೇಳಲಿಲ್ಲ. ಇರಲಿ. ಮನುವು ಚಹವನ್ನು ಕಂಡವನಲ್ಲ. ಯಾವ ಸ್ಮೃತಿಯಲ್ಲಿಯೂ ಗಾಜಿನ ಲೋಟದ ಪ್ರಾಯಶ್ಚಿತ್ತವಿಲ್ಲ. ಚಹವು ಹೊಸದು, ಸಕ್ಕರೆಯು ಗಿರಣಿಯದು, ಗಾಜು ಕಾರಖಾನೆಯದು, ಹೋಟೆಲೆಂಬ ಹೆಸರು ಪರದೇಶದ್ದು. ಇಷ್ಟೆಲ್ಲ ಹೊಸದರ ನಡುವೆ ಮೈಲಿಗೆಯೊಂದು ಮಾತ್ರ ಸನಾತನವಂತೆ! ಹೊಸ ವಸ್ತುವಿಗೆ ಹಳೆಯ ಹೊಲೆಯನ್ನು ತಮ್ಮ ಕೈಯಿಂದಲೇ ಹಚ್ಚಿದವರು ಹಿಂದಿನವರ ಮೇಲೆ ಹೊಣೆ ಹೊರಿಸುವದು ನ್ಯಾಯವಲ್ಲ.

ಹಚ್ಚುವದಕ್ಕೆ ಸಹಾಯ ಮಾಡಿದ ಸರಕಾರವೂ ಇತ್ತೆನ್ನಬೇಕು. ಆಂಗ್ಲರ ಕಾಲದ ರೈಲು ನಿಲ್ದಾಣಗಳಲ್ಲಿ ‘ಹಿಂದೂ ಚಹ’, ‘ಮುಸಲ್ಮಾನ ಚಹ’ ಎಂದು ಬೇರೆ ಬೇರೆ ಕೂಗಿ ಮಾರುತ್ತಿದ್ದರು. ಆಜಾದ್ ಹಿಂದ್ ಫೌಜಿನ ಸಿಪಾಯಿಗಳು ಯುದ್ಧ ಮುಗಿದ ಮೇಲೆ ದಿಲ್ಲಿಯಲ್ಲಿ ಸೆರೆಯಲ್ಲಿದ್ದಾಗ ಅವರಿಗೂ ಹೀಗೆಯೇ ಎರಡು ಬಗೆಯ ಚಹ ಬರುತ್ತಿತ್ತು. ತಾವು ಎರಡನ್ನೂ ಕೂಡಿಸಿ, ಕಲಸಿ, ಎಲ್ಲರೂ ಹಂಚಿಕೊಂಡು ಕುಡಿಯುತ್ತಿರುವದಾಗಿ ಅವರು ತಮ್ಮನ್ನು ಕಾಣಲು ಬಂದ ಗಾಂಧಿಯವರ ಮುಂದೆ ಹೇಳಿದರು. ಸೆರೆಯಾಳುಗಳಿಗೆ ಸಾಧ್ಯವಾದದ್ದು ಊರ ಹಿರಿಯರಿಗೆ ಸಾಧ್ಯವಾಗದೆ ಹೋಗಬೇಕೆ?

ಎರಡನೆಯ ಉತ್ತರವು ಹೋಟೆಲಿನ ಮಾಲಕನದು: ‘ಒಂದೇ ಲೋಟದಲ್ಲಿ ಕೊಟ್ಟರೆ ಊರವರು ಬರುವದಿಲ್ಲ, ಅಂಗಡಿ ಮುಚ್ಚುವದು.’ ಇದರಲ್ಲಿ ಸತ್ಯವಿದೆ. ನಾಲ್ಕು ಗಳ, ಎರಡು ತಗಡು, ಒಂದು ಒಲೆ ಇಷ್ಟೇ ಬಂಡವಾಳದವನು ಊರನ್ನು ಎದುರು ಹಾಕಿಕೊಳ್ಳಲಾರನು. ಅವನನ್ನೊಬ್ಬನನ್ನೇ ಪಾಪಿಯೆಂದು ಹಳಿಯುವದು ಸುಲಭ, ಫಲ ಕಡಿಮೆ. ಆದರೆ ಈ ಮಾತಿನಿಂದಲೇ ಒಂದು ವಿಷಯವು ಸ್ಪಷ್ಟವಾಗುವದು: ಬೇರೆ ಲೋಟವನ್ನು ಇಟ್ಟಿರುವವನು ಮಾಲಕನಲ್ಲ, ಗಿರಾಕಿ, ಗಿರಾಕಿಗಳಲ್ಲಿ ಯಾರ ಮುಖವನ್ನು ನೋಡಿ ಉಳಿದವರು ನಡೆಯುವರೋ ಆ ದೊಡ್ಡ ಗಿರಾಕಿ.

ಮೂರನೆಯ ಉತ್ತರವು ತೀರ ಹೊಸದು: ‘ಈಗ ಎಲ್ಲರಿಗೂ ಕಾಗದದ ಕಪ್ಪು, ಆ ಮಾತೇ ಮುಗಿಯಿತು.’ ಕಾಗದದ ಕಪ್ಪು ಬಂದದ್ದರಿಂದ ಕಣ್ಣಿಗೆ ಕಾಣುತ್ತಿದ್ದದ್ದು ಕಾಣದಾಯಿತು, ನಿಜ. ಆದರೆ ಒಬ್ಬರ ಎಂಜಲನ್ನು ಇನ್ನೊಬ್ಬರು ತೊಳೆಯದಂತೆ, ಒಬ್ಬರ ತುಟಿ ತಾಗಿದ್ದು ಇನ್ನೊಬ್ಬರಿಗೆ ತಾಗದಂತೆ, ಕುಡಿದ ಕೂಡಲೆ ಎಸೆಯುವ ಕಪ್ಪು ಅದು. ಬೇರೆ ಲೋಟದವನಿಗೆ ಇದಕ್ಕಿಂತ ಅನುಕೂಲವಾದ ಪಾತ್ರೆಯನ್ನು ಯಾರೂ ಕಂಡುಹಿಡಿದಿರಲಿಲ್ಲ! ಮೈಲಿಗೆಯು ಸತ್ತಿತೋ, ಕಾಗದದಲ್ಲಿ ಅಡಗಿ ಕುಳಿತಿತೋ ಎಂದು ತಿಳಿಯಲು ಒಂದೇ ಪರೀಕ್ಷೆ: ಆ ಊರಲ್ಲಿ ಕಾಗದದ ಕಪ್ಪನ್ನು ತೆಗೆದು ಗಾಜಿನ ಲೋಟವನ್ನಿಟ್ಟು ನೋಡಬೇಕು.

‘ಅವರೇ ಒಳಗೆ ಬರುವದಿಲ್ಲ, ಯಾರು ಬೇಡವೆಂದರು?’ ಎಂಬ ಮಾತನ್ನೂ ಕೇಳುವದುಂಟು. ಒಳಗೆ ಬಂದರೆ ಏನಾಗುವದೆಂಬದು ಸಿಂಧನೂರಿನಿಂದ ಬಹುದೂರವಲ್ಲದ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕಂಡಿತು. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವವ ವರೆಗೆ ಅದೂ ರಾಯಚೂರು ಜಿಲ್ಲೆಯ ಊರೇ. ಅಲ್ಲಿ ಕ್ಷೌರದ ಅಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲವೆಂಬದರ ಹಿನ್ನೆಲೆಯಲ್ಲಿ ಬೆಳೆದ ಜಗಳವು 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬೀಳುವ ವರೆಗೆ ಹೋಯಿತು. ಹತ್ತು ವರ್ಷಗಳ ತರುವಾಯ, 2024ರ ಅಕ್ಟೋಬರದಲ್ಲಿ, ಕೊಪ್ಪಳದ ಸೆಶನ್ಸ್ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಪ್ರಕರಣವು ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಗಿ, ಶಿಕ್ಷಿತರಲ್ಲಿ ಬಹುಜನರಿಗೆ ಜಾಮೀನು ದೊರೆಯಿತು. ಕೋರ್ಟಿನ ಮುಂದಿನ ಮಾತು ಕೋರ್ಟಿಗಿರಲಿ. ಒಂದು ಕಪ್ಪು ಚಹವನ್ನು ಒಳಗೆ ಕುಳಿತು ಕುಡಿಯುವೆನೆನ್ನುವವನಿಗೆ ಮನೆಯನ್ನು ಪಣವಾಗಿ ಇಡಬೇಕಾಗಿ ಬರುವ ಸೀಮೆಯಲ್ಲಿ, ಯಾರು ಬೇಡವೆಂದರು ಎಂದು ಕೇಳುವವನ ಧೈರ್ಯವನ್ನು ಮೆಚ್ಚಲೇಬೇಕು.

ಕಾಯದೆಗೂ ಕೊರತೆಯಿಲ್ಲ. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿ ಹೇಳುತ್ತದೆ. 17ನೆಯದು ಅಸ್ಪೃಶ್ಯತೆಯನ್ನೇ ತೆಗೆದು ಹಾಕುತ್ತದೆ. 1955ರ ಕಾಯದೆಯಂತೂ ಇನ್ನೂ ಸೂಕ್ಷ್ಮ: ಹೋಟೆಲಿನಲ್ಲಿ ಇಟ್ಟ ಪಾತ್ರೆಗಳನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣದಿಂದ ತಡೆಯುವದು ಅಪರಾಧವೆಂದು ಅದರಲ್ಲಿ ಸ್ಪಷ್ಟವಾಗಿದೆ. ಕಾಯದೆ ಬರೆದವರಿಗೆ ಲೋಟದ ವಿಷಯ ಚೆನ್ನಾಗಿ ಗೊತ್ತಿತ್ತು. ಆದರೆ ತಟ್ಟಿಯ ಸಂದಿಯ ವರೆಗೆ ಪೊಲೀಸಿನವನ ಕಣ್ಣು ಹೋಗುವದು ಅಪರೂಪ. ಆತನಿಗೂ ಒಳಗಿನ ಹಲಗೆಯಿಂದಲೇ ಚಹ ಬರುತ್ತದೆ. 1970ರ ದಶಕದಿಂದ ದಲಿತ ಸಂಘರ್ಷ ಸಮಿತಿಯವರು ಹಳ್ಳಿ ಹಳ್ಳಿ ತಿರುಗಿ ಹೊಡೆತ ತಿಂದು ಮಾಡಿದ ಕೆಲಸದಿಂದ ಆದಷ್ಟು ಬದಲಾವಣೆಯೂ ಬರಿಯ ಕಾಯದೆಯಿಂದ ಆಗುತ್ತಿರಲಿಲ್ಲ.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದನ್ನು ಮೊದಲು ಗುರುತಿಸಿದವನು ಚಿನ್ನದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಆಂಗ್ಲ ಇಂಜಿನಿಯರನು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಈ ಶಾಸನದಿಂದ ಸ್ಥಿರವಾಯಿತೆಂಬದು ಮಸ್ಕಿಯ ಸುತ್ತಿನಲ್ಲಿ ಶಾಲೆಯ ಹುಡುಗರಿಗೂ ಗೊತ್ತು. ಮಸ್ಕಿಯು ಈಗ ತಾನೇ ತಾಲೂಕಾದ ಮೇಲಂತೂ ಪ್ರತಿಯೊಂದು ಸಭೆಯಲ್ಲಿ ಅದೇ ಮಾತು. ಆ ಹೆಸರಿನ ಕೆಳಗೆ ಏನು ಕೊರೆದಿದೆಯೆಂದು ಹೇಳುವವರು ವಿರಳ. ಧರ್ಮದಲ್ಲಿ ತೊಡಗಿದರೆ ಅಲ್ಪನಾದವನೂ ಆ ಫಲವನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದು, ಅಲ್ಪರಿಗೂ ದೊಡ್ಡವರಿಗೂ ಇದನ್ನು ಹೇಳತಕ್ಕದ್ದು ಎಂಬದು ಅದರ ಭಾವ. ಎರಡು ಸಾವಿರದ ಇನ್ನೂರು ವರ್ಷ ಮೀರಿದ ಆ ಮಾತನ್ನು ಊರ ಹೆಮ್ಮೆಯೆಂದು ಸಾರಿ, ಗುಡ್ಡದಿಂದ ಇಳಿದು ತಮ್ಮ ತಮ್ಮ ಹಳ್ಳಿಗೆ ಹೋಗಿ ಒಳಗಿನ ಲೋಟದಲ್ಲಿ ಚಹ ಕುಡಿಯುವವರಿಗೆ ‘ಹಿಂದಿನಿಂದ ನಡೆದು ಬಂದದ್ದು’ ಎಂಬದರ ಅರ್ಥವು ಏನೆಂದು ತಿಳಿದಂತಾಯಿತು?

ಪುನಃ ಸಾವಕಾರರ ಕಡೆಗೆ. ಬೆಂಗಳೂರಿನ ಆ ಹೋಟೆಲಿನಲ್ಲಿ ಅವರ ಮುಂದೆ ಬಂದ ಪಿಂಗಾಣಿಯ ಕಪ್ಪು ಕಾಗದದ್ದಲ್ಲ, ಎಸೆಯತಕ್ಕದ್ದಲ್ಲ. ಅಂದು ಬೆಳಿಗ್ಗೆ ಅದು ಯಾರ ತುಟಿಗೆ ತಾಗಿತ್ತೋ ಬಲ್ಲವರಾರು? ಒಳಗೆ ಅದನ್ನು ತೊಳೆದವನ ಜಾತಿ ಯಾವುದು? ಸವತಿಕಾಯಿ ಹೆಚ್ಚಿದವನ ಕೇರಿ ಯಾವುದು? ಪಕ್ಕದ ಮೇಜಿನಲ್ಲಿ ಅದೇ ಬಗೆಯ ಕಪ್ಪಿನಿಂದ ಕುಡಿಯುತ್ತಿದ್ದವರು ಯಾರು? ಸಾವಕಾರರು ಇದೊಂದನ್ನೂ ಕೇಳಲಿಲ್ಲ. ಕೇಳಿದ್ದರೆ ಅಲ್ಲಿಯವರು ನಕ್ಕಾರೆಂಬ ಅಂಜಿಕೆಯಿಂದಲೋ, ಬಿಳಿಯ ಮೇಜುಬಟ್ಟೆಯ ಭಕ್ತಿಯಿಂದಲೋ, ಕೇಳಬೇಕೆಂಬ ನೆನಪೇ ಅವರಿಗೆ ಬರಲಿಲ್ಲ. ಕುಡಿದರು, ಮೈಲಿಗೆ ತಟ್ಟಲಿಲ್ಲ, ಮನೆದೇವರು ಮುನಿಯಲಿಲ್ಲ, ಊರಿಗೆ ಬಂದು ಎಂಟು ದಿನ ಕೊಂಡಾಡಿದರು. ಅಂದ ಮೇಲೆ ಅವರ ಹಳ್ಳಿಯ ಹೋಟೆಲಿನ ಬೇರೆ ಲೋಟಕ್ಕೆ ಅವರ ಬಳಿ ಇನ್ನು ಯಾವ ನೆಪ ಉಳಿಯಿತು? ಧರ್ಮವೆನ್ನುವಂತಿಲ್ಲ, ಶುಚಿಯೆನ್ನುವಂತಿಲ್ಲ, ಅಭ್ಯಾಸವೆನ್ನುವಂತಿಲ್ಲ. ಬೆಂಗಳೂರಿನಲ್ಲಿ ಅಪರಿಚಿತನ ಕಪ್ಪಿಗೆ ತುಟಿ ಹಚ್ಚಿದವರು ಊರಿನಲ್ಲಿ ಪರಿಚಿತನ ಲೋಟಕ್ಕೆ ಹೇಸುವರೆಂದರೆ, ಹೇಸಿಕೆಯು ಲೋಟದ್ದಲ್ಲ. ತಮ್ಮ ಗದ್ದೆಯಲ್ಲಿ ನಾಟಿ ಹಚ್ಚಿದವನು, ತಮ್ಮ ಗಿರಣಿಯಲ್ಲಿ ಮೂಟೆ ಹೊತ್ತವನು ತಮಗೆ ಸರಿಯಾಗಿ ಕುಳಿತಾನೆಂಬ ಭಯ ಅದು. ಅದಕ್ಕೆ ಮೈಲಿಗೆಯ ಹೆಸರು.

ಅಪರಾಹ್ನದ ಚಹವನ್ನು ಸಾವಕಾರರು ಬಿಡಬೇಕಾಗಿಲ್ಲ. ಹಣ ಅವರದು, ನಾಲಗೆ ಅವರದು. ಆದರೆ ಬೆಂಗಳೂರಿನ ಆ ಒಂದು ಅಪರಾಹ್ನಕ್ಕೆ ಗಂಡಹೆಂಡಿರಿಬ್ಬರಿಗೆ ತಗಲುವ ವೆಚ್ಚದಲ್ಲಿ ಹಳ್ಳಿಯ ಒಂದು ಹೋಟೆಲಿಗೆ ವರ್ಷಕ್ಕೆ ಸಾಲುವಷ್ಟು ಗಾಜಿನ ಲೋಟಗಳು ಸಿಂಧನೂರಿನ ಪೇಟೆಯಲ್ಲಿಯೇ ದೊರೆಯುವವು. ಅವನ್ನು ಗಾಡಿಯಲ್ಲಿ ಹಾಕಿಕೊಂಡು, ನಾಲ್ಕು ಗಂಟೆಯ ಹೊತ್ತಿಗೆ ತಮ್ಮ ಹಳ್ಳಿಯ ಹೋಟೆಲಿನ ಮುಂದೆ ಇಳಿಯಲಿ. ಹಳೆಯ ಲೋಟಗಳನ್ನು, ಒಳಗಿನವು ಹೊರಗಿನವು ಎಲ್ಲವನ್ನೂ, ತೆಗೆಸಿ ಹಾಕಲಿ. ಹೊಸವೆಲ್ಲ ಒಂದೇ ಹಲಗೆಯ ಮೇಲೆ ಕುಳಿತುಕೊಳ್ಳಲಿ. ಅಂಗಳದಲ್ಲಿ ಕುಳಿತವನನ್ನು ಹೆಸರು ಹಿಡಿದು ಒಳಗೆ ಕರೆದು, ಮೊದಲನೆಯ ಲೋಟವನ್ನು ಅವನಿಗೆ ಕೊಡಿಸಿ, ಅವನು ಕುಡಿದಿಟ್ಟ ಲೋಟವನ್ನು ಹುಡುಗನು ಅದೇ ಬಕೆಟ್ಟಿನಲ್ಲಿ ತೊಳೆದು ತಂದ ಮೇಲೆ, ಅದರಲ್ಲಿಯೇ ತಮಗೂ ಒಂದು ಚಹವನ್ನು ಹೇಳಲಿ. ಮಾಲಕನು ಗಾಬರಿಯಿಂದ ಬೇರೆ ಕಪ್ಪುಬಸಿಯನ್ನು ಹುಡುಕತೊಡಗಿದರೆ ಬೇಡವೆನ್ನಲಿ.